ಬಣ್ಣ ನೋಡಬೇಡಿ, ಹೊಟ್ಟೆ ನೋಡಿ

ಕೊಡಚಾದ್ರಿಗೆ ಜೀಪಿನಲ್ಲಿ ಹತ್ತಿ ಇಳಿದವರಿಗೆ ಎರಡು ಕಾಯಿಲೆ ಅಂಟುತ್ತವೆ. ಒಂದು ಸೊಂಟನೋವು, ಎರಡು ದಿನಕ್ಕೆ ವಾಸಿಯಾಗುತ್ತದೆ. ಇನ್ನೊಂದು, ‘ನಮಗೂ ಒಂದು ಫೋರ್‌ವೀಲ್ ಗಾಡಿ ಇದ್ದಿದ್ದರೆ’ ಎಂಬ ಆಸೆ, ಅದಕ್ಕೆ ಮದ್ದಿಲ್ಲ. ಹೊಸದರ ಬೆಲೆ ಕೇಳಿ ಬೆವರು ಒರೆಸಿಕೊಂಡವರು ಮರುದಿನವೇ ಸೆಕೆಂಡ್ ಹ್ಯಾಂಡ್ ಗಾಡಿಯ ಬೇಟೆಗೆ ಇಳಿಯುತ್ತಾರೆ.

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದವರಿಗೆ ಇದು ಆಸೆಯಲ್ಲ, ಅಗತ್ಯ. ಆಷಾಢದ ಮಳೆಗೆ ತೋಟದ ದಾರಿ ಗದ್ದೆಯಂತಾದಾಗ ಗೊಬ್ಬರದ ಮೂಟೆ ಒಳಗೆ ಮುಟ್ಟಿಸುವುದು ಇವೇ ಗಾಡಿಗಳು. ಸಾಮಾನ್ಯ ಕಾರಿನಲ್ಲಿ ಎರಡೇ ಚಕ್ರ ಎಳೆಯುತ್ತವೆ. ಒಂದು ಕೆಸರಿನಲ್ಲಿ ಜಾರಿ ತಿರುಗತೊಡಗಿದರೆ ಎಂಜಿನ್ನಿನ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಫೋರ್‌ವೀಲ್ ಹಾಕಿದಾಗ ಮುಂದಿನ ಆಕ್ಸಲ್ಲೂ ಎಳೆಯುತ್ತದೆ. ‘ಲೋ’ ಗೇರಿಗೆ ಇಳಿಸಿದರೆ ವೇಗ ತಗ್ಗಿ ಎಳೆತ ಹೆಚ್ಚುತ್ತದೆ.

ಆದರೆ ಹಳೆಯ ಫೋರ್‌ವೀಲ್ ಗಾಡಿಯ ಗುಣವೇ ಅದರ ದೋಷ. ಬೇರೆಯವು ಹೋಗದ ಕಡೆ ಅದು ಹೋಗುತ್ತದೆ, ಆದ್ದರಿಂದಲೇ ಬೇರೆಯವು ತಿನ್ನದ ಪೆಟ್ಟು ತಿಂದಿರುತ್ತದೆ. ಆ ಪೆಟ್ಟಿನ ಲೆಕ್ಕ ಬಾನೆಟ್ಟಿನ ಮೇಲಲ್ಲ, ಹೊಟ್ಟೆಯ ಅಡಿಯಲ್ಲಿ ಬರೆದಿರುತ್ತದೆ.

ಯಾವುದರಲ್ಲಿ ಏನು?

ಮಾರುತಿ ಜಿಪ್ಸಿ ಬಂದದ್ದು 1985ರಲ್ಲಿ. ಹಗುರ ಮೈ, ಸರಳ ಯಂತ್ರ. ಕೆಸರಿನಲ್ಲಿ ಮೇಕೆಯ ಹಾಗೆ ನೆಗೆಯುತ್ತದೆ. ಹಿಂದೆ ಮುಂದೆ ಎರಡೂ ಕಡೆ ಪ್ಲೇಟ್ ಸ್ಪ್ರಿಂಗ್ ಇರುವುದರಿಂದ ಹಳ್ಳ ಬಿದ್ದ ರಸ್ತೆಯಲ್ಲಿ ಕೂತವರನ್ನೂ ನೆಗೆಸುತ್ತದೆ. ಪೆಟ್ರೋಲ್ ಎಂಜಿನ್, ಜೇಬು ಸುಡುವ ಮೈಲೇಜು. ಹೊಸದು ಬರುವುದು ನಿಂತ ಮೇಲೆ ಹಳೆಯದಕ್ಕೆ ಬೆಲೆ ಇಳಿಯಲೇ ಇಲ್ಲ.

ಮಹೀಂದ್ರದ ಎಂಎಂ 540ಯಂಥ ಹಳೆಯ ಡೀಸೆಲ್ ಜೀಪುಗಳಿಗೆ ಮಲೆನಾಡಿನ ಯಾವ ಪೇಟೆಯಲ್ಲೂ ಮೆಕ್ಯಾನಿಕ್ ಸಿಗುತ್ತಾನೆ. ಬದಲಿಗೆ ಸದ್ದು, ಹೊಗೆ, ತೋಳು ನೋಯಿಸುವ ಸ್ಟೀರಿಂಗ್ ಸಹಿಸಬೇಕು. 2010ರಲ್ಲಿ ಬಂದ ಮೊದಲ ತಲೆಮಾರಿನ ಥಾರ್‌ನ ಸಿಆರ್‌ಡಿಇ ಎಂಜಿನ್ನಿಗೆ ಘಾಟಿ ಹತ್ತುವ ದಮ್ಮು ಇದೆ. ಆದರೆ ಬಟ್ಟೆಯ ಟಾಪ್ ಸೋರುತ್ತದೆ, ಎದುರುಬದುರಿನ ಹಿಂಬದಿ ಸೀಟಿನಲ್ಲಿ ಅಜ್ಜಿಯನ್ನು ಕೂರಿಸಿ ಧರ್ಮಸ್ಥಳಕ್ಕೆ ಹೊರಡಲಾಗದು. 2020ರ ಹೊಸ ಥಾರ್ ಈ ಕೊರತೆಗಳನ್ನು ಬಹುಮಟ್ಟಿಗೆ ನೀಗಿತು. ಅಲ್ಲೊಂದು ಎಚ್ಚರ: 2023ರಿಂದ ಅದರಲ್ಲಿ ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿಯೂ ಬಂದಿದೆ. ಹೊರಗಿನಿಂದ ನೋಡಿದರೆ ಅಣ್ಣತಮ್ಮ. ಗೇರಿನ ಪಕ್ಕ ಫೋರ್‌ವೀಲ್ ಹಾಕುವ ಎರಡನೇ ಲಿವರ್ ಇದೆಯೇ ಎಂದು ಮೊದಲು ನೋಡಿ.

ಅಡಿಗೆ ತೂರಿ ನೋಡಿ

ಒಂದು ಹಳೇ ಗೋಣಿಚೀಲ, ಒಂದು ಟಾರ್ಚು ಒಯ್ಯಿರಿ. ಚಾಸಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಸಂತೋಷಪಡುವ ಮೊದಲು ಸಂಶಯಪಡಿ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಒದ್ದೆಯಲ್ಲಿ ಬದುಕಿದ ಗಾಡಿಯ ತುಕ್ಕನ್ನು ಬಣ್ಣ ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದರೆ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಡಬ್ ಎನ್ನುತ್ತದೆ.

ಮೆಕ್ಯಾನಿಕ್‌ನಿಂದ ಆಕ್ಸಲ್ ಆಯಿಲ್‌ನ ಬಿರಡೆ ತೆಗೆಸಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೊಳೆ ದಾಟುವಾಗ ಒಳಗೆ ನೀರು ಹೊಕ್ಕಿದೆ ಎಂದರ್ಥ. ನಾಲ್ಕೂ ಟಯರ್ ಒಂದೇ ಅಳತೆಯವೇ ನೋಡಿ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನಕ್ಕೆ ಚಲಿಸಿ. ಮುಂದಿನ ಚಕ್ರದ ಬಳಿ ಕಟಕಟ ಸದ್ದು ಕೇಳಿಸಿದರೆ ಜಾಯಿಂಟ್ ಸವೆದಿದೆ.

ಫೋರ್‌ವೀಲ್ ಪರೀಕ್ಷೆಗೆ ಮಣ್ಣಿನ ದಾರಿಯೇ ಆಗಬೇಕು. ಈ ಗಾಡಿಗಳಲ್ಲಿ ಲಿವರ್ ಹಾಕಿದೊಡನೆ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕು. ಆ ವ್ಯತ್ಯಾಸವನ್ನು ಕೆಸರು ಜಾರಿಸಿ ಸರಿದೂಗಿಸುತ್ತದೆ, ಒಣ ಟಾರು ಬಿಡುವುದಿಲ್ಲ. ಒತ್ತಡವೆಲ್ಲ ಹಲ್ಲುಚಕ್ರಗಳ ಮೇಲೆ ಬೀಳುತ್ತದೆ. ‘ಗ್ರಿಪ್ ಚೆನ್ನಾಗಿರಲಿ ಅಂತ ಹೈವೇಯಲ್ಲೂ ಫೋರ್‌ವೀಲಲ್ಲೇ ಓಡಿಸ್ತೀನಿ’ ಎಂದು ಮಾಲೀಕರು ಹೆಮ್ಮೆಪಟ್ಟರೆ ಕೈಮುಗಿದು ಬನ್ನಿ. ಎಳೆಯುವ ಚಕ್ರ ಹೆಚ್ಚಾದ ಮಾತ್ರಕ್ಕೆ ಬ್ರೇಕ್ ಬೇಗ ಹಿಡಿಯುವುದೂ ಇಲ್ಲ.

ಕಾಗದದ ಕೆಸರು

ಹಳೆಯ ಜೀಪುಗಳಿಗೆ ಎಂಜಿನ್ ಬದಲಿಸಿರುವುದು ಮಾಮೂಲು. ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರುಗಳನ್ನು ಗಾಡಿಯ ಮೇಲೆಯೇ ಓದಿ ತಾಳೆ ನೋಡಿ. ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ದಪ್ಪ ಟಯರ್, ಏರಿಸಿದ ಮೈ, ಭರ್ಜರಿ ಬಂಪರ್‌ಗೆಂದು ಹೆಚ್ಚು ಹಣ ಕೊಟ್ಟವರು ಕೊನೆಗೆ ಆರ್‌ಟಿಒ ಮುಂದೆ ನಿಲ್ಲಬೇಕಾಗುತ್ತದೆ. 15 ವರ್ಷ ತುಂಬುತ್ತಿರುವ ಗಾಡಿಗೆ ನೋಂದಣಿ ನವೀಕರಣದ ಖರ್ಚು, ಹೊರರಾಜ್ಯದಿಂದ ಬಂದದ್ದಕ್ಕೆ ಎನ್‌ಒಸಿ ಮತ್ತು ಇಲ್ಲಿನ ತೆರಿಗೆ, ಎಲ್ಲ ಸೇರಿಸಿ ಬೆಲೆ ಮಾತಾಡಿ.

ಕೈ ಹೇಳುವ ಸತ್ಯ

‘ಒಂದು ದಿನವೂ ಫೋರ್‌ವೀಲ್ ಹಾಕಿಲ್ಲ ಸಾರ್’ ಎನ್ನುವುದು ಮಾರುವವರ ಪ್ರಿಯ ವಾಕ್ಯ. ಅದು ಅರ್ಹತಾ ಪತ್ರವಲ್ಲ. ವರ್ಷಗಟ್ಟಲೆ ಅಲುಗದ ಲಿವರ್ ಬಿಗಿದು ಕೂರುತ್ತದೆ, ಸೀಲುಗಳು ಒಣಗುತ್ತವೆ. ಮೈತುಂಬ ಗೀರಿದ್ದರೂ ಹೊತ್ತಿಗೆ ಸರಿಯಾಗಿ ಗ್ರೀಸು, ಆಯಿಲ್ ಕಂಡ ತೋಟದ ಗಾಡಿ ಅದಕ್ಕಿಂತ ವಾಸಿ.

ಹಾಗಾಗಿ ಕೊನೆಯ ಪರೀಕ್ಷೆ ಗಾಡಿಗಲ್ಲ, ಮಾಲೀಕರಿಗೆ. ‘ಒಮ್ಮೆ ಲೋಗೆ ಹಾಕಿ ತೋರಿಸಿ’ ಎನ್ನಿ. ಕೈ ಎಲ್ಲೆಲ್ಲೋ ತಡಕಾಡಿ, ಲಿವರಿನ ಜತೆ ಕುಸ್ತಿಗೆ ಬಿದ್ದರೆ ಯೋಚಿಸಿ. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ನಿಮ್ಮೊಡನೆ ಮಾತಾಡುತ್ತಲೇ ಕೈ ತಾನಾಗಿ ಲಿವರನ್ನು ಸರಿಸಿದರೆ, ಬೆಲೆಯ ಮಾತು ಎತ್ತಿ.