ಆಡಿಟರ್ ಸಹಿಯ ಹಿಂದಿನ ಕತೆ

ನಾಪೋಕ್ಲಿನ ಬೆಳೆಗಾರರು ಕಾಫಿ ಮಾರಿದ ಹಣವನ್ನು ಸಹಕಾರ ಸಂಘದಲ್ಲಿಟ್ಟರೆ, ಅದು ಭದ್ರವೆಂದು ನಂಬುವುದು ಹೇಗೆ? ವಾರ್ಷಿಕ ವರದಿಯಲ್ಲಿರುವ ಆಡಿಟರ್ ಸಹಿಯಿಂದ.

ಹಿಂದೆ ಕೊಡಗಿನಲ್ಲಿ ಕಂದಾಯದ ಲೆಕ್ಕ ಬರೆಯುತ್ತಿದ್ದವರು ಶಾನುಭೋಗರು. ಆದರೆ ಅವರು ಸರ್ಕಾರದ ಕಡೆಯವರು. ಯಾರ ಕಡೆಗೂ ಸೇರದೆ, ಬೇರೆಯವರು ಬರೆದ ಲೆಕ್ಕವನ್ನು ಪರಿಶೀಲಿಸಿ ಹೇಳುವುದೇ ಬೇರೆ ವೃತ್ತಿ. ಅದಕ್ಕೆ ಮನ್ನಣೆ ದೊರೆತದ್ದು 1854ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ಲೆಕ್ಕಿಗರ ಸಂಘಕ್ಕೆ ರಾಜಸನ್ನದು ಸಿಕ್ಕಾಗ. ‘ಚಾರ್ಟರ್ಡ್’ ಎಂದರೆ ಸನ್ನದು ಪಡೆದವರು ಎಂದೇ ಅರ್ಥ.

ಭಾರತದಲ್ಲಿ 1933ರಲ್ಲಿ ಮದರಾಸಿನ ಆರ್. ಶಿವಭೋಗಂ ಈ ವೃತ್ತಿಗಿಳಿದ ಮೊದಲ ಮಹಿಳೆಯಾದರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದ್ದವರು ಅವರು. 1949ರ ಜುಲೈ 1ರಂದು ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ ಸ್ಥಾಪನೆಯಾಯಿತು, ಜಿ.ಪಿ. ಕಪಾಡಿಯಾ ಮೊದಲ ಅಧ್ಯಕ್ಷರು.

ಸಹಿ ಹಾಕುವವರು ಲೆಕ್ಕ ಬರೆದವರ ಮುಲಾಜಿಗೆ ಬಿದ್ದರೆ, ಮುಳುಗುವುದು ಠೇವಣಿದಾರರ ಹಣ.