ಶಾಸನಪಾಠಗಳ ಕಡತವ್ಯವಸ್ಥೆ: ಯುನಿಕ್ಸ್ ಗಣಕದಲ್ಲಿ ಹೆಸರು, ಸಂಖ್ಯೆ ಮತ್ತು ನೆಲೆ

ಕರ್ನಾಟಕದ ಹೊರಗೆ ಕನ್ನಡ ಸಂಶೋಧನೆಯಲ್ಲಿ ತೊಡಗಿದವರಿಗೆ ಆಕರಗ್ರಂಥಗಳ ಎಲ್ಲ ಸಂಪುಟಗಳೂ ಒಂದೆಡೆ ದೊರೆಯುವುದು ಅಪರೂಪ. ಆದ್ದರಿಂದ ಕೈಗೆ ಸಿಕ್ಕಿದ ಪುಟಗಳ ಪ್ರತಿಬಿಂಬ, ಶಾಸನಗಳ ಪಾಠ, ಪದಸೂಚಿಯ ಒಂದೊಂದು ಚೀಟಿ ಇವೆಲ್ಲವನ್ನೂ ಗಣಕದಲ್ಲಿ ಕೂಡಿಡುವುದು ಅನಿವಾರ್ಯವಾಗುತ್ತದೆ. ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಇಂತಹ ಸಂಗ್ರಹವೊಂದನ್ನು ಯುನಿಕ್ಸ್ ಮಾದರಿಯ ಗಣಕದಲ್ಲಿ ರೂಪಿಸುವಾಗ ನಾವು ಕಂಡುಕೊಂಡ ಸಂಗತಿಗಳನ್ನು ಇಲ್ಲಿ ವಿವರಿಸಿದ್ದೇವೆ. ಕಡತಗಳು ಕೆಲವು ನೂರಿದ್ದಾಗ ತೋರದ ದೋಷಗಳು, ಅವು ಲಕ್ಷವನ್ನು ಮುಟ್ಟಿದಾಗ ಸಂಶೋಧನೆಯ ಪ್ರಾಮಾಣ್ಯವನ್ನೇ ಕೆಡಿಸಬಲ್ಲವು.

೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯುನಿಕ್ಸ್‌ನ ಮೂಲ ಕಲ್ಪನೆ ಸರಳವಾದುದು. ಪ್ರತಿಯೊಂದು ಕಡತಕ್ಕೂ ಐನೋಡ್ ಎಂಬ ದಾಖಲೆಯಿದ್ದು, ಕಡತದ ಗಾತ್ರ, ಒಡೆತನ, ಕಾಲ, ತಟ್ಟೆಯ ಮೇಲಿನ ನೆಲೆ ಅದರಲ್ಲಿ ಅಡಕವಾಗಿರುತ್ತವೆ. ಹೆಸರು ಮಾತ್ರ ಇರುವುದಿಲ್ಲ. ಹೆಸರು ಇರುವುದು ಡೈರೆಕ್ಟರಿಯಲ್ಲಿ. ಡೈರೆಕ್ಟರಿಯೆಂದರೆ ಹೆಸರು ಮತ್ತು ಐನೋಡ್ ಸಂಖ್ಯೆಗಳನ್ನು ಜೋಡಿಸಿದ ಒಂದು ಪಟ್ಟಿಯಷ್ಟೆ.

ಹಳೆಯ ಕಡತವ್ಯವಸ್ಥೆಗಳು ಈ ಪಟ್ಟಿಯನ್ನು ಮೊದಲಿನಿಂದ ಓದುತ್ತ ಹೋಗುತ್ತಿದ್ದವು. ಇಂದಿನವು ಸೂಚಿಯ ನೆರವಿನಿಂದ ಬೇಗ ಹುಡುಕುತ್ತವೆ. ಆದರೂ ಒಂದೇ ಡೈರೆಕ್ಟರಿಯಲ್ಲಿ ಲಕ್ಷಾಂತರ ಕಡತಗಳನ್ನು ತುಂಬುವುದು ಉಚಿತವಲ್ಲ. ಪಟ್ಟಿಯನ್ನು ಕೇಳಿದರೆ ಎಲ್ಲ ಹೆಸರುಗಳನ್ನೂ ಅಕಾರಾದಿಯಾಗಿ ವಿಂಗಡಿಸುವವರೆಗೆ ಕಾಯಬೇಕು. ನಕ್ಷತ್ರ ಚಿಹ್ನೆಯಿಂದ ಎಲ್ಲವನ್ನೂ ಒಮ್ಮೆಗೆ ಸೂಚಿಸಿದರೆ ಆಜ್ಞೆ ಅತಿ ದೀರ್ಘವಾಯಿತೆಂದು ಗಣಕ ನಿರಾಕರಿಸುತ್ತದೆ. ಇದಕ್ಕೆ ಪರಿಹಾರವನ್ನು ಸೀವುಡ್ಸ್‌ನ ವಿಳಾಸಕ್ರಮದಲ್ಲಿಯೇ ಕಾಣಬಹುದು. ಸಿಡ್ಕೊ ಸಂಸ್ಥೆ ಯೋಜಿಸಿದ ಈ ನಗರದಲ್ಲಿ ಮೊದಲು ಸೆಕ್ಟರ್, ಅನಂತರ ನಿವೇಶನ, ಆಮೇಲೆ ಮನೆಯ ಸಂಖ್ಯೆ. ಪ್ರತಿ ಹಂತದಲ್ಲಿಯೂ ಆಯ್ಕೆ ಕಿರಿದಾಗುತ್ತ ಬರುತ್ತದೆ. ಅಂತೆಯೇ ಪ್ರತಿ ಕಡತಕ್ಕೆ ಆರಂಕಿಯ ಕ್ರಮಸಂಖ್ಯೆ ಕೊಟ್ಟು, ಮೊದಲ ಮೂರಂಕಿಗಳನ್ನು ಡೈರೆಕ್ಟರಿಯಾಗಿಸಿದರೆ, ೧೦ ಲಕ್ಷ ಕಡತಗಳು ೧,೦೦೦ ಡೈರೆಕ್ಟರಿಗಳಲ್ಲಿ ಸಾವಿರಸಾವಿರವಾಗಿ ಹಂಚಿಹೋಗುತ್ತವೆ. ೦೪೭೩೧೨ ಎಂಬ ಕಡತವು ೦೪೭ ಎಂಬ ಡೈರೆಕ್ಟರಿಯಲ್ಲಿರುವುದೆಂದು ಯಾರೂ ಹುಡುಕದೆಯೇ ಹೇಳಬಹುದು.

ಎರಡನೆಯ ತೊಡಕು ಸಣ್ಣ ಕಡತಗಳದು. ಲಿನಕ್ಸ್‌ನ ಇಎಕ್ಸ್‌ಟಿ೪ ವ್ಯವಸ್ಥೆಯಲ್ಲಿ ಐನೋಡ್‌ಗಳ ಒಟ್ಟು ಸಂಖ್ಯೆ ತಟ್ಟೆಯನ್ನು ಸಿದ್ಧಗೊಳಿಸುವಾಗಲೇ ನಿಗದಿಯಾಗುತ್ತದೆ. ವಾಡಿಕೆಯಂತೆ ೧೬,೩೮೪ ಬೈಟ್‌ಗಳಿಗೆ ಒಂದು. ಒಂದು ಚೀಟಿಯ ಕಡತ ಸಾಮಾನ್ಯವಾಗಿ ೪,೦೯೬ ಬೈಟ್‌ಗಳ ಒಂದೇ ಖಂಡವನ್ನು ಆಕ್ರಮಿಸುತ್ತದೆ. ಹೀಗಾಗಿ ಚೀಟಿಗಳನ್ನಷ್ಟೇ ತುಂಬಿದರೆ, ಮುಕ್ಕಾಲು ಭಾಗ ಬರಿದಾಗಿರುವಾಗಲೇ ಸ್ಥಳವಿಲ್ಲವೆಂಬ ಉತ್ತರ ಬರುತ್ತದೆ. ಐನೋಡ್‌ಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು, ಇಲ್ಲವೆ ಚೀಟಿಗಳನ್ನು ದೊಡ್ಡ ಕಡತಗಳಲ್ಲಿ ಒಗ್ಗೂಡಿಸುವುದು ಲೇಸು.

ಮೂರನೆಯದು ಕನ್ನಡಕ್ಕೆ ಸಂಬಂಧಿಸಿದ್ದು. ಕಡತದ ಹೆಸರಿಗೆ ೨೫೫ ಬೈಟ್‌ಗಳ ಮಿತಿಯಿದೆ. ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟ್‌ಗಳು ಬೇಕಾದುದರಿಂದ ಹೆಸರಿನಲ್ಲಿ ೮೫ ಸಂಕೇತಗಳಿಗಷ್ಟೇ ಅವಕಾಶ. 'ಲಕ್ಷ್ಮೀ' ಎಂಬ ಎರಡಕ್ಷರದ ಪದವೇ ೭ ಸಂಕೇತಗಳನ್ನು, ೨೧ ಬೈಟ್‌ಗಳನ್ನು ಬಳಸುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. 'ಕೊ' ಎಂಬಲ್ಲಿಯ ಒಕಾರವನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳೆರಡನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಕಡತವ್ಯವಸ್ಥೆ ಸಾಮಾನ್ಯವಾಗಿ ಬೈಟ್‌ಗಳನ್ನಷ್ಟೇ ಹೋಲಿಸುವುದರಿಂದ, ಒಂದೇ ಹೆಸರಿನಂತೆ ತೋರುವ ಎರಡು ಕಡತಗಳು ಅಕ್ಕಪಕ್ಕದಲ್ಲಿಯೇ ಉಳಿಯುತ್ತವೆ. ಆದುದರಿಂದ ಕನ್ನಡದ ಶೀರ್ಷಿಕೆ ಕಡತದ ಒಳಗಿರಲಿ, ಹೊರಗೆ ಅಂಕಿಯಷ್ಟೇ ಇರಲಿ ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಯಾವ ಅಂಕಿ? ಇಲ್ಲಿ ನಾವು ಎಡವಿದೆವು. ಎಪಿಗ್ರಾಫಿಯ ಕರ್ನಾಟಿಕದ ಶಾಸನಸಂಖ್ಯೆಯನ್ನೇ ಕಡತದ ಹೆಸರಾಗಿ ಇಟ್ಟುಕೊಂಡಿದ್ದೆವು. ಎರಡನೆಯ ಸಂಪುಟವಾದ ಶ್ರವಣಬೆಳ್ಗೊಳವನ್ನು ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ೧೪೪ ಶಾಸನಗಳೊಂದಿಗೆ ಪ್ರಕಟಿಸಿದರು, ಆರ್. ನರಸಿಂಹಾಚಾರ್ ಅವರ ೧೯೨೩ರ ಪರಿಷ್ಕರಣದಲ್ಲಿ ಅವು ೫೦೦ ಆದವು; ಕ್ರಮಸಂಖ್ಯೆಗಳೂ ಬದಲಾದವು. ಕೂಗೆ ಬ್ರಹ್ಮದೇವ ಸ್ತಂಭದ ಮೇಲಿನ ಗಂಗ ಮಾರಸಿಂಹನ ಶಾಸನ ರೈಸ್ ಅವರಲ್ಲಿ ೩೮, ಪರಿಷ್ಕೃತ ಮುದ್ರಣದಲ್ಲಿ ೫೯. ರೈಸ್ ಅವರ ೫೯ ಎಂದರೆ ಹೊಯ್ಸಳ ದಂಡನಾಯಕ ಗಂಗರಾಜನ ಶಾಸನ. ಎರಡು ಮುದ್ರಣಗಳ ಪಾಠಗಳನ್ನು ಒಂದೇ ಡೈರೆಕ್ಟರಿಗೆ ಪ್ರತಿಮಾಡಿದಾಗ ಹೊಸ ೫೯ ಹಳೆಯ ೫೯ನ್ನು ಸದ್ದಿಲ್ಲದೆ ಅಳಿಸಿತು. ಯುನಿಕ್ಸ್ ಎಚ್ಚರಿಸಲಿಲ್ಲ, ಅದಕ್ಕೆ ಹೆಸರಷ್ಟೇ ಗೊತ್ತು. ಇದು ಬೆಳಕಿಗೆ ಬಾರದೆ ಹೋಗಿದ್ದರೆ ಹೊಯ್ಸಳರ ಕಾಲದ ದಾನವೊಂದರ ಉಲ್ಲೇಖವು ಗಂಗರ ಅರಸನ ಶಾಸನಕ್ಕೆ ಅಂಟಿಕೊಳ್ಳುತ್ತಿತ್ತು.

ಅಂದಿನಿಂದ ನಮ್ಮ ಕ್ರಮ ಹೀಗಿದೆ. ಕಡತಕ್ಕೆ ಅರ್ಥವಿಲ್ಲದ, ಎಂದೂ ಬದಲಾಗದ ಕ್ರಮಸಂಖ್ಯೆ. ಮುದ್ರಣದ ವರ್ಷ, ಆ ಮುದ್ರಣದ ಸಂಖ್ಯೆ, ನಮ್ಮ ಸಂಖ್ಯೆ ಇವು ಮೂರನ್ನೂ ಹೊಂದಿಸಿದ ಕೋಷ್ಟಕ ಪ್ರತ್ಯೇಕವಾಗಿ, ಸರಳ ಪಠ್ಯದಲ್ಲಿ. ಒಂದು ಐನೋಡ್‌ಗೆ ಹಲವು ಹೆಸರುಗಳಿರಬಹುದಾದ್ದರಿಂದ ಮುದ್ರಣಕ್ಕೊಂದು ಡೈರೆಕ್ಟರಿ ಮಾಡಿ, ೧೮೮೯ರಲ್ಲಿ ೩೮, ೧೯೨೩ರಲ್ಲಿ ೫೯ ಎಂದು ಒಂದೇ ಪಾಠಕ್ಕೆ ಕೊಂಡಿಗಳನ್ನು ಹೆಣೆಯಬಹುದು. ಆದರೆ ಕೆಲವು ಸಂಪಾದಕ ತಂತ್ರಾಂಶಗಳು ಹಳೆಯ ಕಡತವನ್ನು ತಿದ್ದದೆ ಹೊಸದನ್ನೇ ಬರೆದು ಅದೇ ಹೆಸರು ಕೊಡುವುದರಿಂದ ಈ ಕೊಂಡಿ ಕಡಿದುಹೋಗಬಹುದು. ಕೋಷ್ಟಕವಿದ್ದರೆ ಮತ್ತೆ ಹೆಣೆಯಬಹುದು.

ಒಂದು ಶಾಸನವನ್ನು ಉಲ್ಲೇಖಿಸುವಾಗ ಮುದ್ರಣದ ವರ್ಷವನ್ನೂ ನಮೂದಿಸಬೇಕೆಂಬುದು ಶಾಸನಶಾಸ್ತ್ರದ ಹಳೆಯ ಶಿಸ್ತು. ಕಡತಗಳನ್ನು ಜೋಡಿಸುವವರಿಗೂ ಅದೇ ಶಿಸ್ತು ಅನ್ವಯಿಸುತ್ತದೆ.