ಲೆಕ್ಕಪತ್ರದ ಡಿಸ್ಕಿಗೊಂದು ಭದ್ರ ಚೌಕಟ್ಟು

ಹೊಸ ಅಗ್ರಹಾರ, ಕೃಷ್ಣರಾಜನಗರ ಭಾಗದ ಅಕ್ಕಿ ಗಿರಣಿಗಳ ಲೆಕ್ಕಪತ್ರಗಳೂ ಇಂದು ಗಣಕಯಂತ್ರವನ್ನು ಸೇರಿವೆ. ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನನ್ವಯ ಇವುಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಕೆಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡತಕ್ಕದ್ದು. ಮೇಲ್ಮನವಿ ಇದ್ದಲ್ಲಿ ಅವಧಿ ಇನ್ನೂ ದೀರ್ಘವಾಗಬಹುದು. ಅಷ್ಟು ಕಾಲ ಒಂದೇ ಹಾರ್ಡ್ ಡಿಸ್ಕನ್ನು ನೆಚ್ಚುವುದು ವಿವೇಕವಲ್ಲ.

ನಕಲು ಪ್ರತಿಗಾಗಿ ಎರಡನೆಯ ಡಿಸ್ಕನ್ನು ನಿತ್ಯವೂ ಕೇಬಲ್‌ಗೆ ಸಿಕ್ಕಿಸಿ ಬಿಚ್ಚುವುದು ಕೆಲವರ ರೂಢಿ. ಯಂತ್ರದೊಳಗಿನ ಸಾಮಾನ್ಯ ಸಾಟಾ ಕೇಬಲ್ಲಿನ ಜೋಡಣೆಯನ್ನು ಸುಮಾರು 50 ಬಾರಿಯ ಬಳಕೆಗಷ್ಟೇ ರೂಪಿಸಲಾಗಿದೆ. ಎರಡು ತಿಂಗಳಿಗೇ ಅದು ತೀರಿತು! ಆದುದರಿಂದ ಸಿ.ಡಿ. ಡ್ರೈವ್ ಕೂರುವ ಐದೂಕಾಲು ಅಂಗುಲದ ಖಾನೆಯಲ್ಲಿ ಮೊಬೈಲ್ ರ್‍ಯಾಕ್ ಅಳವಡಿಸುವುದು ಲೇಸು. ಇದರ ಚೌಕಟ್ಟು ಯಂತ್ರದಲ್ಲಿಯೇ ಉಳಿದು, ಡಿಸ್ಕ್ ಹೊತ್ತ ಟ್ರೇ ಮಾತ್ರ ಹೊರಬರುತ್ತದೆ. ಸವೆತವು ರ್‍ಯಾಕಿನ ಪಾಲಿಗೆ, ಡಿಸ್ಕಿನ ಪಾಲಿಗಲ್ಲ.

ಚೌಕಟ್ಟನ್ನು ಎರಡೂ ಪಕ್ಕಗಳಲ್ಲಿ ಸ್ಕ್ರೂ ಹಾಕಿ ಬಿಗಿಯಬೇಕು. ಒಂದೇ ಪಕ್ಕದ ಬಿಗಿತವು ಕಂಪನವನ್ನು ತಡೆಯದು. ಮೂರೂವರೆ ಅಂಗುಲದ ಡಿಸ್ಕಿಗೆ ಬೇಕಾದ ಸ್ಕ್ರೂ ಒರಟು ಥ್ರೆಡ್ಡಿನದು, ಸಿ.ಡಿ. ಖಾನೆಯದು ನಯ ಥ್ರೆಡ್ಡಿನದು. ಅದಲುಬದಲು ಮಾಡಿ ಬಲವಂತವಾಗಿ ತಿರುಗಿಸಿದಲ್ಲಿ ರಂಧ್ರವೇ ಕೆಡುತ್ತದೆ. ಯಂತ್ರವನ್ನು ಆರಿಸಿದ ನಂತರವೇ ಟ್ರೇ ಎಳೆಯುವುದು ಕ್ಷೇಮ. ಹೊರತೆಗೆದ ಡಿಸ್ಕನ್ನು ಗಿರಣಿಯ ಧೂಳಿನಲ್ಲಿಡದೆ ಮಾಲೀಕರು ಮನೆಗೆ ಒಯ್ಯತಕ್ಕದ್ದು.